ಖಾತೆ ನಮ್ಮದು, ಪುಸ್ತಕ ಯಾರದು?

ಕನ್ನಡದಲ್ಲಿ ‘ಖಾತೆ’ ಎಂಬ ಪದಕ್ಕೆ ಕೆಲಸ ಜಾಸ್ತಿ. ಬ್ಯಾಂಕಿನಲ್ಲಿ ದುಡ್ಡಿಡಲು ಖಾತೆ ಬೇಕು, ಮನೆ ಕೊಂಡ ಮೇಲೆ ಖಾತೆ ಆಗಬೇಕು, ಮಂತ್ರಿಯಾದವರಿಗೆ ಒಳ್ಳೆಯ ಖಾತೆ ಸಿಗಬೇಕು. ಮಿಂಚಂಚೆ, ಮೊಬೈಲ್ ಆ್ಯಪ್‌ಗಳು ಬಂದ ಮೇಲೆ ಅಲ್ಲಿಯೂ ಇದೇ ಪದ ನೆಲೆಯೂರಿತು. ಈ ಎಲ್ಲ ಖಾತೆಗಳಿಗೂ ಸಮಾನವಾದ ಒಂದು ಸಂಗತಿ ಇದೆ. ಖಾತೆಯಲ್ಲಿರುವ ಹೆಸರು ನಮ್ಮದು, ಅದನ್ನು ಬರೆದಿಟ್ಟ ಪುಸ್ತಕ ನಮ್ಮದಲ್ಲ. ಪುಸ್ತಕ ಬ್ಯಾಂಕಿನದು, ಪುರಸಭೆಯದು, ತಾಲ್ಲೂಕು ಕಚೇರಿಯದು. ಜಮೀನಿನ ಖಾತೆಯಲ್ಲಿ ತಂದೆಯ ಹೆಸರು ತಪ್ಪಾಗಿ ಬಿದ್ದಿದ್ದರೆ ನಾವೇ ಪೆನ್ನು ಹಿಡಿದು ತಿದ್ದುವಂತಿಲ್ಲ. ಅರ್ಜಿ ಕೊಡಬೇಕು, ದಾಖಲೆ ತೋರಿಸಬೇಕು, ಕಾಯಬೇಕು.

ಕಂಪ್ಯೂಟರಿನ ಖಾತೆ ಮಾತ್ರ ಇದಕ್ಕೆ ಹೊರತು ಎಂಬಂತೆ ಕಾಣುತ್ತದೆ. ಅಲ್ಲಿ ‘ಪ್ರೊಫೈಲ್ ತಿದ್ದಿ’ ಎಂಬ ಗುಂಡಿ ಇದೆ. ಹೆಸರು, ಭಾವಚಿತ್ರ, ಫೋನ್ ಸಂಖ್ಯೆ, ತನ್ನ ಬಗ್ಗೆ ಎರಡು ಸಾಲು, ಎಲ್ಲವನ್ನೂ ನಿಮಿಷದಲ್ಲಿ ಬದಲಿಸಬಹುದು. ಬೇರೆಯವರ ಪುಸ್ತಕದಲ್ಲಿರುವ ನಮ್ಮ ಸಾಲನ್ನು ನಾವೇ ತಿದ್ದುವ ಈ ಅಧಿಕಾರ ಎಲ್ಲಿಂದ ಬಂತು? ಅದು ಎಲ್ಲಿಯವರೆಗೆ ನಡೆಯುತ್ತದೆ? ಈ ಪ್ರಶ್ನೆಗೆ ಅರುವತ್ತು ವರ್ಷಗಳ ಒಂದು ಚರಿತ್ರೆ ಇದೆ.

1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮೊದಲ ಬಾರಿಗೆ ನಡೆಸಿ ತೋರಿಸಿದರು. ಅಲ್ಲಿಯವರೆಗೆ ಕಂಪ್ಯೂಟರನ್ನು ಬಳಸುವುದೆಂದರೆ ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಸಿಬ್ಬಂದಿಯ ಕೈಗೆ ಕೊಟ್ಟು, ಗಂಟೆಗಟ್ಟಲೆ ಕಾದು, ಅಚ್ಚಾದ ಕಾಗದವನ್ನು ಪಡೆದು ಬರುವುದಾಗಿತ್ತು. ಸಿಟಿಎಸ್‌ಎಸ್‌ನಲ್ಲಿ ಹಲವರು ಒಂದೇ ಯಂತ್ರದ ಮುಂದೆ, ಬೇರೆ ಬೇರೆ ಟೈಪ್‌ರೈಟರುಗಳಲ್ಲಿ ಕುಳಿತು ಏಕಕಾಲಕ್ಕೆ ಕೆಲಸ ಮಾಡಬಹುದಿತ್ತು. ಯಂತ್ರ ತನ್ನ ಸಮಯವನ್ನು ಚೂರುಚೂರಾಗಿ ಎಲ್ಲರಿಗೂ ಹಂಚುತ್ತಿತ್ತು.

ಹಂಚಿಕೆ ಎಂದ ಮೇಲೆ ಲೆಕ್ಕ ಬೇಕಲ್ಲ. ಯಾರು ಎಷ್ಟು ಹೊತ್ತು ಬಳಸಿದರು, ಯಾವ ಕಡತ ಯಾರದು ಎಂದು ಯಂತ್ರಕ್ಕೆ ತಿಳಿದಿರಬೇಕು. ಅದಕ್ಕಾಗಿ ಪ್ರತಿ ಬಳಕೆದಾರನಿಗೂ ಒಂದು ಸಂಶೋಧನಾ ಕೆಲಸದ ಸಂಖ್ಯೆ, ಒಂದು ವ್ಯಕ್ತಿಸಂಖ್ಯೆ, ಜತೆಗೊಂದು ಪಾಸ್‌ವರ್ಡ್ ಕೊಟ್ಟರು. ‘ಅಕೌಂಟ್’ ಎಂಬ ಮಾತು ಇಲ್ಲಿ ಅಕ್ಷರಶಃ ಲೆಕ್ಕದ ಖಾತೆಯೇ. ಅಂಗಡಿಯವನು ಗಿರಾಕಿಯ ಹೆಸರಿನಲ್ಲಿ ಒಂದು ಪುಟ ತೆರೆದಿಟ್ಟಂತೆ. ಆ ಪುಟದಲ್ಲಿ ಗಿರಾಕಿ ಬರೆಯುವುದು ಏನೂ ಇರಲಿಲ್ಲ.

ಲೆಕ್ಕ ಇದ್ದಲ್ಲಿ ಲೆಕ್ಕ ತಪ್ಪಿಸುವವರೂ ಇರುತ್ತಾರೆ. 1962ರಲ್ಲಿ ಅಲನ್ ಶೆರ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆಗಳ ಯಂತ್ರಸಮಯ ಸಿಗುತ್ತಿತ್ತು. ಅವನ ಸಂಶೋಧನೆಗೆ ಅದು ಸಾಲುತ್ತಿರಲಿಲ್ಲ. ಯಾವ ಕಡತವನ್ನಾದರೂ ಅಚ್ಚು ಹಾಕಿಸಲು ಅದರ ಹೆಸರು ಬರೆದ ಕಾರ್ಡನ್ನು ಕೊಟ್ಟರೆ ಸಾಕೆಂದು ಅವನಿಗೆ ಗೊತ್ತಿತ್ತು. ಒಂದು ಶುಕ್ರವಾರ ರಾತ್ರಿ ಎಲ್ಲರ ಪಾಸ್‌ವರ್ಡ್‌ಗಳಿರುವ ಕಡತಕ್ಕೇ ಬೇಡಿಕೆ ಸಲ್ಲಿಸಿ, ಶನಿವಾರ ಬೆಳ್ಳಂಬೆಳಗ್ಗೆ ಹೋಗಿ ಪ್ರತಿಯನ್ನು ಎತ್ತಿಕೊಂಡು ಬಂದ. ಆಮೇಲೆ ಇತರರ ಖಾತೆಗಳಲ್ಲಿ ತನ್ನ ಕೆಲಸ ಮುಂದುವರಿಸಿದ. ಇದನ್ನು ಅವನು ಬಾಯಿಬಿಟ್ಟದ್ದು ಸುಮಾರು 25 ವರ್ಷಗಳ ನಂತರ.

ಅದೇ ದಶಕದ ಮಧ್ಯಭಾಗದಲ್ಲಿ ಇನ್ನೊಂದು ಘಟನೆ ನಡೆಯಿತು. ಒಬ್ಬ ನಿರ್ವಾಹಕ ಪಾಸ್‌ವರ್ಡ್‌ಗಳ ಕಡತವನ್ನು ತಿದ್ದುತ್ತಿದ್ದ. ಇನ್ನೊಬ್ಬ ಅದೇ ಹೊತ್ತಿಗೆ ಎಲ್ಲರಿಗೂ ಕಾಣುವ ದಿನದ ಸೂಚನೆಯನ್ನು ತಿದ್ದುತ್ತಿದ್ದ. ತಿದ್ದುವ ತಂತ್ರಾಂಶ ಇಬ್ಬರ ಕರಡಿಗೂ ಒಂದೇ ತಾತ್ಕಾಲಿಕ ಹೆಸರು ಕೊಟ್ಟಿತ್ತು. ಎರಡೂ ಅದಲುಬದಲಾದವು. ಆಮೇಲೆ ಲಾಗಿನ್ ಆದ ಪ್ರತಿಯೊಬ್ಬರಿಗೂ ಸ್ವಾಗತದ ಸೂಚನೆಯಾಗಿ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯೇ ಅಚ್ಚಾಗಿ ಬಂತು. 1990ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕಾರ್ಬಾಟೊ ಈ ಘಟನೆಯನ್ನು ವಿವರಿಸಿದ್ದಾರೆ. ಎರಡೂ ಪ್ರಸಂಗಗಳಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಪುಸ್ತಕ ಒಂದೇ, ಅದರಲ್ಲಿ ಎಲ್ಲರ ಸಾಲುಗಳೂ ಇವೆ. ಪುಸ್ತಕ ಕೈತಪ್ಪಿದರೆ ಎಲ್ಲರೂ ಒಟ್ಟಿಗೇ ಬಯಲಾಗುತ್ತಾರೆ.

ಆ ಪುಸ್ತಕಕ್ಕೆ ಇಂದಿಗೂ ಉಳಿದಿರುವ ರೂಪ ಕೊಟ್ಟದ್ದು ಯೂನಿಕ್ಸ್. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಇದರ ಕೆಲಸ ಆರಂಭಿಸಿದರು. ಯೂನಿಕ್ಸ್‌ನ ಪಾಸ್‌ವರ್ಡ್ ಕಡತದಲ್ಲಿ ಪ್ರತಿ ಬಳಕೆದಾರನಿಗೂ ಒಂದು ಸಾಲು. ಪೂರ್ಣರೂಪ ಪಡೆದ ಮೇಲೆ ಆ ಸಾಲಿನಲ್ಲಿ ಏಳು ಅಂಕಣಗಳು: ಲಾಗಿನ್ ಹೆಸರು, ಪಾಸ್‌ವರ್ಡ್, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಇತರ ವಿವರ, ಅವನ ಕಡತಗಳಿರುವ ಜಾಗ, ಲಾಗಿನ್ ಆದಾಗ ತೆರೆದುಕೊಳ್ಳಬೇಕಾದ ತಂತ್ರಾಂಶ. ಅಂಕಣಗಳ ನಡುವೆ ಒಂದೊಂದು ವಿವರಣ ಚಿಹ್ನೆ. ಇಂದಿನ ಲಿನಕ್ಸ್ ಯಂತ್ರಗಳಲ್ಲಿಯೂ ಈ ಏಳು ಅಂಕಣಗಳ ಸಾಲು ಹಾಗೆಯೇ ಇದೆ.

ಇಲ್ಲಿ ಒಂದು ತೊಡಕು ಹುಟ್ಟಿತು. ಕಡತವನ್ನು ಯಾರು ಬೇಕಾದರೂ ಓದಬಹುದು, ಬರೆಯುವ ಅಧಿಕಾರ ಮಾತ್ರ ‘ರೂಟ್’ ಎಂಬ ಮುಖ್ಯ ನಿರ್ವಾಹಕನದು. ಆದರೆ ಬಳಕೆದಾರ ತನ್ನ ಪಾಸ್‌ವರ್ಡನ್ನು ತಾನೇ ಬದಲಿಸುವಂತಾಗಬೇಕು. ಪ್ರತಿ ಸಲವೂ ನಿರ್ವಾಹಕನ ಬಾಗಿಲು ತಟ್ಟುವುದು ಆಗದ ಮಾತು. ಹಾಗೆಂದು ಎಲ್ಲರಿಗೂ ಬರೆಯುವ ಅಧಿಕಾರ ಕೊಟ್ಟರೆ ಒಬ್ಬ ಇನ್ನೊಬ್ಬನ ಸಾಲನ್ನು ತಿದ್ದಿಬಿಡುತ್ತಾನೆ. ರಿಚಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಕೆಲವು ತಂತ್ರಾಂಶಗಳಿಗೆ ವಿಶೇಷ ಗುರುತು ಹಾಕಿಡಬಹುದು. ಆ ಗುರುತಿರುವ ತಂತ್ರಾಂಶವನ್ನು ಯಾರೇ ನಡೆಸಿದರೂ, ಅದು ನಡೆಸಿದವನ ಅಧಿಕಾರದಿಂದಲ್ಲ, ಅದರ ಒಡೆಯನ ಅಧಿಕಾರದಿಂದ ನಡೆಯುತ್ತದೆ. ಪಾಸ್‌ವರ್ಡ್ ಬದಲಿಸುವ ತಂತ್ರಾಂಶದ ಒಡೆಯ ರೂಟ್. ಬಳಕೆದಾರ ಅದನ್ನು ನಡೆಸಿದಾಗ ಆ ಕ್ಷಣಕ್ಕೆ, ಆ ಒಂದು ಕೆಲಸಕ್ಕೆ ಮಾತ್ರ, ರೂಟ್‌ನ ಕೈ ಅವನದಾಗುತ್ತದೆ. ಅವನು ಯಾರೆಂದು ತಂತ್ರಾಂಶ ನೋಡಿ, ಅವನ ಸಾಲನ್ನಷ್ಟೇ ಮುಟ್ಟಲು ಬಿಡುತ್ತದೆ. ಈ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ಸಿಕ್ಕಿತು.

ಇಂದಿನ ‘ಪ್ರೊಫೈಲ್ ತಿದ್ದಿ’ ಗುಂಡಿಯ ಹಿಂದೆ ಬೇರೆ ತಂತ್ರಜ್ಞಾನ ಇದೆ. ಆದರೆ ಏರ್ಪಾಡು ಇದೇ. ಪುಸ್ತಕದ ಒಡೆಯ ತನ್ನ ಪೆನ್ನನ್ನು ಒಂದು ಕಿಟಕಿಯ ಮೂಲಕ ಸಾಲ ಕೊಡುತ್ತಾನೆ. ಕಿಟಕಿಯಲ್ಲಿ ಎಷ್ಟು ಅಂಕಣ ಕಾಣುತ್ತದೋ ಅಷ್ಟನ್ನೇ ತಿದ್ದಬಹುದು. ಕಿಟಕಿಯ ಅಳತೆ ತೀರ್ಮಾನಿಸುವವನು ಒಡೆಯ.

ಇನ್ನು ಆ ಏಳರಲ್ಲಿ ಐದನೆಯ ಅಂಕಣದ ಕಥೆ. ಅದನ್ನು ತಂತ್ರಜ್ಞರು ‘ಜೀಕಾಸ್’ ಅಂಕಣ ಎನ್ನುತ್ತಾರೆ. ಬೆಲ್ ಲ್ಯಾಬ್ಸ್‌ನಲ್ಲಿ ಅಚ್ಚು ಹಾಕುವ ಕೆಲಸಕ್ಕೆ ಜನರಲ್ ಎಲೆಕ್ಟ್ರಿಕ್ ಮೂಲದ ಬೇರೊಂದು ವ್ಯವಸ್ಥೆಯ ಯಂತ್ರವಿತ್ತು. ಅಲ್ಲಿಗೆ ಕೆಲಸ ಕಳಿಸುವಾಗ ಬೇಕಾಗುವ ಗುರುತಿನ ವಿವರವನ್ನು ಇಟ್ಟುಕೊಳ್ಳಲು ಜಾಗ ಬೇಕಾಯಿತು, ಆ ಯಂತ್ರದ ಹೆಸರೇ ಅಂಕಣಕ್ಕೆ ಅಂಟಿತು. ಯಂತ್ರದ ಬಳಕೆ ನಿಂತ ಮೇಲೆ ಜಾಗ ಖಾಲಿ ಉಳಿಯಿತು. ಮನೆಯ ಅಟ್ಟ ಖಾಲಿ ಇದ್ದರೆ ಏನಾದರೂ ಬಂದು ತುಂಬುತ್ತದಲ್ಲ, ಹಾಗೆ ಅಲ್ಲಿ ಪೂರ್ಣ ಹೆಸರು, ಕೊಠಡಿ ಸಂಖ್ಯೆ, ಕಚೇರಿಯ ಫೋನು, ಮನೆಯ ಫೋನು ಬಂದು ಕುಳಿತವು. ಅದನ್ನು ಬಳಕೆದಾರರೇ ತಿದ್ದಲು ಬರ್ಕ್ಲಿಯ ಯೂನಿಕ್ಸ್‌ನಲ್ಲಿ ಪ್ರತ್ಯೇಕ ಆಜ್ಞೆಯೂ ಬಂತು. ಲೆಕ್ಕದ ಸಾಲಿನೊಳಗೆ ಮನುಷ್ಯನ ಪರಿಚಯ ಹೀಗೆ ಸೇರಿಕೊಂಡಿತು.

ಪರಿಚಯವನ್ನು ಇತರರಿಗೆ ತೋರಿಸುವ ಕೆಲಸ ಇನ್ನೊಂದು ಕಡೆ ಶುರುವಾಗಿತ್ತು. 1971ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಒಂದು ವಿಷಯ ಗಮನಿಸಿದರು. ಯಂತ್ರದಲ್ಲಿ ಯಾರ್‍ಯಾರು ಇದ್ದಾರೆಂಬ ಪಟ್ಟಿಯ ಮೇಲೆ ಜನ ಬೆರಳಿಟ್ಟು ಕೆಳಕೆಳಗೆ ಜಾರಿಸುತ್ತ ತಮಗೆ ಬೇಕಾದವರನ್ನು ಹುಡುಕುತ್ತಿದ್ದರು. ಪಟ್ಟಿಯಲ್ಲಿ ಇದ್ದದ್ದು ಸಂಕೇತಗಳು. ಅವರು ‘ಫಿಂಗರ್’ ಎಂಬ ತಂತ್ರಾಂಶ ಬರೆದರು. ಒಬ್ಬರ ಹೆಸರು ಕೊಟ್ಟರೆ ಅವರ ಪೂರ್ಣ ಹೆಸರು, ಈಗ ಯಂತ್ರದಲ್ಲಿದ್ದಾರೆಯೇ, ಕೊನೆಗೆ ಯಾವಾಗ ಬಂದಿದ್ದರು ಎಂಬುದೆಲ್ಲ ತಿಳಿಯುತ್ತಿತ್ತು. ಬಳಕೆದಾರರ ಕೋರಿಕೆಯ ಮೇರೆಗೆ ‘ಪ್ಲಾನ್’ ಎಂಬ ಕಡತವೂ ಸೇರಿತು. ತಾವು ಎಲ್ಲಿಗೆ ಹೋಗಿದ್ದೇವೆ, ಯಾವಾಗ ಬರುತ್ತೇವೆ ಎಂದು ಅದರಲ್ಲಿ ಬರೆದಿಡಬಹುದಿತ್ತು. ಬಾಗಿಲಿಗೆ ಚೀಟಿ ಅಂಟಿಸಿ ಹೋದಂತೆ. ಕೊನೆಯ ಬಾರಿ ಕಂಡ ಸಮಯ, ತನ್ನ ಬಗ್ಗೆ ಎರಡು ಮಾತು, ಇಂದಿನ ಸ್ಟೇಟಸ್: ಇವೆಲ್ಲದರ ಬೀಜ ಅಲ್ಲಿದೆ. ಆಗ ಯಾರಿಗೂ ಇದರಲ್ಲಿ ಅಪಾಯ ಕಾಣಲಿಲ್ಲ. ಎಲ್ಲರೂ ಒಂದೇ ಕಟ್ಟಡದವರು.

ಅಪಾಯ ಎಲ್ಲಿದೆಯೆಂದು ತೋರಿಸಿದ್ದು ಒಂದು ಕುಟುಂಬದ ಎರಡು ತಲೆಮಾರು. 1979ರಲ್ಲಿ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಥಾಂಪ್ಸನ್ ಪಾಸ್‌ವರ್ಡ್ ಭದ್ರತೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡದೆ, ಮರಳಿ ಬಿಡಿಸಲಾಗದ ರೂಪಕ್ಕೆ ಪರಿವರ್ತಿಸಿ ಇಡುವ ಯೂನಿಕ್ಸ್ ಪದ್ಧತಿಯನ್ನು ಅದರಲ್ಲಿ ವಿವರಿಸಿದ್ದರು. ಜತೆಗೆ ಜನ ಎಂಥ ಪಾಸ್‌ವರ್ಡ್ ಆರಿಸುತ್ತಾರೆಂದು ಪರೀಕ್ಷಿಸಿದ್ದರು. 3,289 ಪಾಸ್‌ವರ್ಡ್‌ಗಳಲ್ಲಿ ಶೇಕಡಾ 86ರಷ್ಟು ತೀರಾ ಚಿಕ್ಕವು, ಇಲ್ಲವೇ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು.

1988ರ ನವೆಂಬರ್ 2ರಂದು ಆ ಮಾರಿಸ್ ಅವರ ಮಗ, ಕಾರ್ನೆಲ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಟ್ಯಾಪನ್ ಮಾರಿಸ್, ಅಂತರ್ಜಾಲಕ್ಕೆ ಒಂದು ‘ಹುಳು’ವನ್ನು ಬಿಟ್ಟ. ಅದು ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ತಂತ್ರಾಂಶ. ಅದು ಒಳನುಗ್ಗಲು ಬಳಸಿದ ದಾರಿಗಳಲ್ಲಿ ಒಂದು ಫಿಂಗರ್ ಸೇವೆಯಲ್ಲಿದ್ದ ದೋಷ. ಇನ್ನೊಂದು ದಾರಿ ಪಾಸ್‌ವರ್ಡ್ ಊಹಿಸುವುದು. ಹುಳು ಎಲ್ಲರೂ ಓದಬಹುದಾಗಿದ್ದ ಪಾಸ್‌ವರ್ಡ್ ಕಡತವನ್ನು ತೆರೆದು, ಪ್ರತಿಯೊಬ್ಬರ ಲಾಗಿನ್ ಹೆಸರನ್ನು ನೋಡುತ್ತಿತ್ತು. ಜೀಕಾಸ್ ಅಂಕಣದಲ್ಲಿದ್ದ ಪೂರ್ಣ ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಬಿಡಿಸಿ ಅವನ್ನೇ ಪಾಸ್‌ವರ್ಡ್ ಆಗಿ ಪ್ರಯತ್ನಿಸುತ್ತಿತ್ತು, ಲಾಗಿನ್ ಹೆಸರನ್ನು ಹಿಂದುಮುಂದಾಗಿಯೂ ಪ್ರಯತ್ನಿಸುತ್ತಿತ್ತು. ಪರಿಚಯಕ್ಕೆಂದು ಬರೆದುಕೊಂಡ ಸಾಲು ಮನೆಯ ಕೀಲಿಕೈ ಆಯಿತು. ಎರಡನ್ನೂ ಒಂದೇ ಪುಟದಲ್ಲಿಡುವ ಪದ್ಧತಿ ಆಮೇಲೆ ಬದಲಾಯಿತು, ಪಾಸ್‌ವರ್ಡ್‌ಗಳು ರೂಟ್ ಮಾತ್ರ ಓದಬಹುದಾದ ಬೇರೆ ಕಡತಕ್ಕೆ ಹೋದವು. ಇಂದಿನ ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ‘ಪ್ರೊಫೈಲ್’ ಒಂದು ಕಡೆ, ‘ಭದ್ರತೆ’ ಇನ್ನೊಂದು ಕಡೆ ಇರುವುದು ಈ ಪಾಠದ ಮುಂದುವರಿಕೆ.

ಹುಳುವಿಗೂ ಗೊತ್ತಿದ್ದ ‘ಮೊದಲ ಹೆಸರು, ಕೊನೆಯ ಹೆಸರು’ ಎಂಬ ವಿಭಾಗವನ್ನು ಕನ್ನಡಿಗರಾದ ನಾವು ಸ್ವಲ್ಪ ನಿಂತು ನೋಡಬೇಕು. ಕುವೆಂಪು ಅವರ ಪೂರ್ಣ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಅವರು. ಇಂದಿನ ಯಾವುದೋ ಆ್ಯಪ್‌ನಲ್ಲಿ ಈ ಕ್ರಮದಲ್ಲೇ ತುಂಬಿದ್ದರೆ ಅದು ‘ನಮಸ್ಕಾರ ಕುಪ್ಪಳಿ’ ಎಂದು ಊರಿಗೆ ನಮಸ್ಕಾರ ಹೇಳುತ್ತಿತ್ತು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಹೆಸರು ಮಾತ್ರ ಆ ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ. ಅಲ್ಲಿ ತನ್ನ ಹೆಸರು ಮೊದಲು, ಮನೆತನದ ಹೆಸರು ಕೊನೆಗೆ. ಒಂದೇ ಭಾಷೆಯ ಇಬ್ಬರು ಕವಿಗಳ ಹೆಸರುಗಳೇ ಒಂದು ನಮೂನೆಗೆ ಬಗ್ಗುವುದಿಲ್ಲ.

ಹಳೆಯ ಯೂನಿಕ್ಸ್‌ನಲ್ಲಿ ಲಾಗಿನ್ ಹೆಸರಿಗೆ 8 ರೋಮನ್ ಅಕ್ಷರಗಳ ಮಿತಿ ಇತ್ತು. ಪುಟ್ಟಪ್ಪ ಎಂಬುದು ರೋಮನ್ ಲಿಪಿಯಲ್ಲಿ ಸರಿಯಾಗಿ 8 ಅಕ್ಷರ, ಹೇಗೋ ಹಿಡಿಸುತ್ತದೆ. ವೆಂಕಟಪ್ಪ 10 ಅಕ್ಷರ, ಬಾಲ ಕತ್ತರಿಸಬೇಕು. ಕನ್ನಡ ಲಿಪಿಗೆ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಸ್ಥಾನ ಸಿಕ್ಕಿದ್ದು 1991ರಲ್ಲಿ, ಯೂನಿಕೋಡ್‌ನ ಮೊದಲ ಆವೃತ್ತಿಯೊಂದಿಗೆ. ಅದಕ್ಕೆ ಮೊದಲು ರೂಪುಗೊಂಡ ಅಂಕಣಗಳಲ್ಲಿ ನಮ್ಮ ಹೆಸರನ್ನು ನಮ್ಮ ಅಕ್ಷರದಲ್ಲಿ ಬರೆಯುವ ಯೋಚನೆಗೇ ಜಾಗವಿರಲಿಲ್ಲ. 2010ರಲ್ಲಿ ಪ್ಯಾಟ್ರಿಕ್ ಮೆಕೆಂಜಿ ಎಂಬ ಪ್ರೋಗ್ರಾಮರ್ ಹೆಸರುಗಳ ಬಗ್ಗೆ ತನ್ನ ಕಸುಬಿನವರು ನಂಬಿರುವ ತಪ್ಪು ಕಲ್ಪನೆಗಳದ್ದೇ ಒಂದು ಪಟ್ಟಿ ಮಾಡಿ ಪ್ರಕಟಿಸಿದ. ಎಲ್ಲರಿಗೂ ಕೊನೆಯ ಹೆಸರು ಇರುತ್ತದೆಂಬುದು ಅದರಲ್ಲಿ ಒಂದು.

ಇದು ಬರೀ ತಮಾಷೆಯಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕಿನಲ್ಲಿ ಇನಿಷಿಯಲ್ ಬಿಡಿಸಿ ಮುಂದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಮನೆತನದ ಹೆಸರು. ಹೀಗೆ ಒಬ್ಬ ವ್ಯಕ್ತಿ ಮೂರು ಪುಸ್ತಕಗಳಲ್ಲಿ ಮೂವರಾದಾಗ ವಿದ್ಯಾರ್ಥಿವೇತನವೋ ಪಿಂಚಣಿಯೋ ನಿಂತುಬಿಡುತ್ತದೆ. ಪುಸ್ತಕಗಳು ಪರಸ್ಪರ ಹೋಲಿಸಿ ನೋಡಿಕೊಳ್ಳತೊಡಗಿದ ಮೇಲೆ ‘ತಿದ್ದುವುದು’ ಸೌಕರ್ಯವಾಗಿ ಉಳಿಯುವುದಿಲ್ಲ. ಅದು ಹಕ್ಕಿನ ಪ್ರಶ್ನೆಯಾಗುತ್ತದೆ.

ಆ ಹಕ್ಕಿನ ಮಾತು ಕಂಪ್ಯೂಟರ್ ವಿಭಾಗಗಳ ಹೊರಗೆ ಹುಟ್ಟಿತು. 1970ರಲ್ಲಿ ಜರ್ಮನಿಯ ಹೆಸ್ಸೆ ರಾಜ್ಯ ಜಗತ್ತಿನ ಮೊದಲ ದತ್ತಾಂಶ ರಕ್ಷಣಾ ಕಾಯ್ದೆಯನ್ನು ತಂದಿತು. 1973ರಲ್ಲಿ ಅಮೆರಿಕದ ಆರೋಗ್ಯ ಮತ್ತು ಶಿಕ್ಷಣ ಇಲಾಖೆ ನೇಮಿಸಿದ್ದ, ವಿಲ್ಲಿಸ್ ವೇರ್ ಅಧ್ಯಕ್ಷತೆಯ ಸಮಿತಿಯೊಂದು ವರದಿ ಕೊಟ್ಟಿತು. ಅದರ ಸೂತ್ರಗಳು ಸರಳ. ಇರುವುದೇ ಗುಟ್ಟಾಗಿರುವಂಥ ದಾಖಲೆ ವ್ಯವಸ್ಥೆ ಇರಕೂಡದು. ತನ್ನ ಬಗ್ಗೆ ಏನು ಬರೆದಿದೆ, ಅದನ್ನು ಹೇಗೆ ಬಳಸುತ್ತಾರೆ ಎಂದು ತಿಳಿಯುವ ದಾರಿ ವ್ಯಕ್ತಿಗೆ ಇರಬೇಕು. ಒಂದು ಉದ್ದೇಶಕ್ಕೆ ಕೊಟ್ಟ ವಿವರವನ್ನು ಒಪ್ಪಿಗೆಯಿಲ್ಲದೆ ಇನ್ನೊಂದಕ್ಕೆ ಬಳಸಬಾರದು. ತಪ್ಪಿದ್ದರೆ ತಿದ್ದಿಸುವ ದಾರಿ ಇರಬೇಕು. ಮರುವರ್ಷದ ಅಮೆರಿಕದ ಖಾಸಗಿತನ ಕಾಯ್ದೆ ಇದನ್ನು ಒಪ್ಪಿಕೊಂಡಿತು, ಆದರೆ ಕೇಂದ್ರ ಸರ್ಕಾರದ ಇಲಾಖೆಗಳ ಮಟ್ಟಿಗೆ ಮಾತ್ರ. ಖಾಸಗಿ ಕಂಪನಿಗಳ ಪುಸ್ತಕಗಳು ಹೊರಗುಳಿದವು.

ಆ ಪುಸ್ತಕಗಳ ಗಾತ್ರ ಎಷ್ಟೆಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿ. 2011ರಲ್ಲಿ ಆಸ್ಟ್ರಿಯದ ಮ್ಯಾಕ್ಸ್ ಶ್ರೆಮ್ಸ್ ಯುರೋಪಿನ ಕಾನೂನಿನ ಪ್ರಕಾರ ತನ್ನ ಬಗ್ಗೆ ಇರುವ ಮಾಹಿತಿಯನ್ನೆಲ್ಲ ಕೊಡಿ ಎಂದು ಫೇಸ್‌ಬುಕ್‌ಗೆ ಬರೆದ. ಬಂದದ್ದು ಸುಮಾರು 1,200 ಪುಟಗಳು. ತಾನು ಅಳಿಸಿಹಾಕಿದ್ದೇನೆ ಎಂದುಕೊಂಡಿದ್ದ ಸಂದೇಶಗಳೂ ಅದರಲ್ಲಿದ್ದವು. ಅವನ ಪ್ರೊಫೈಲ್ ಪುಟದಲ್ಲಿ ತಿದ್ದಲು ಸಿಗುತ್ತಿದ್ದದ್ದು ಕೆಲವೇ ಅಂಕಣಗಳು. ಉಳಿದ ಪುಟಗಳು ಪುಸ್ತಕದಲ್ಲಿದ್ದವು, ಕಿಟಕಿಯಲ್ಲಿ ಇರಲಿಲ್ಲ.

ಭಾರತದಲ್ಲಿ ಈ ಪ್ರಶ್ನೆಯನ್ನು ದೊಡ್ಡದಾಗಿ ಎತ್ತಿದವರು ಬೆಂಗಳೂರಿನ ಒಬ್ಬ ಹಿರಿಯರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷ ಇನ್ನೊಂದು ಪೀಠ ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು, ಖಾಸಗಿ ಸಂಸ್ಥೆಗಳ ಬಳಕೆಗೆ ಅವಕಾಶ ಕೊಟ್ಟಿದ್ದ ಭಾಗವನ್ನು ತೆಗೆದುಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಖಾಸಗಿತನದ ಕುರಿತು ಈ ದೇಶದಲ್ಲಿ ನಡೆಯುವ ಪ್ರತಿ ವಾದದಲ್ಲೂ ಅವರ ಹೆಸರು, ಇನಿಷಿಯಲ್ ಸಮೇತ, ಉಳಿದುಕೊಂಡಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತನ್ನ ಮಾಹಿತಿಯನ್ನು ತಿದ್ದಿಸುವ, ಪೂರ್ಣಗೊಳಿಸುವ, ಅಳಿಸುವ ಹಕ್ಕಿನ ಪ್ರಸ್ತಾಪ ಇದೆ. ತಾನು ತೀರಿಕೊಂಡ ಮೇಲೆ ಈ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಹಕ್ಕೂ ಇದೆ. ಬ್ಯಾಂಕ್ ಖಾತೆಗೆ ನಾಮಿನಿ ಬರೆದಂತೆ. ಖಾತೆ ಎಂಬ ಪದ ಹೀಗೆ ಒಂದು ಸುತ್ತು ಹಾಕಿ ತನ್ನ ಹಳೆಯ ಮನೆಗೆ ಬಂದಿದೆ.

ಜಮೀನಿನ ಖಾತೆ ಬದಲಾವಣೆಯ ವಿಳಂಬವನ್ನು ಬೈಯದ ರೈತರಿಲ್ಲ. ಆದರೂ ಆ ಹಳೆಯ ಪದ್ಧತಿಯಲ್ಲಿ ಎರಡು ಒಳ್ಳೆಯ ಅಂಶಗಳಿವೆ. ಬದಲಾವಣೆಗೆ ಮೊದಲು ನೋಟಿಸು ಹೊರಡುತ್ತದೆ, ತಕರಾರು ಹೇಳಲು ಅವಕಾಶ ಸಿಗುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಇದೆ. ಪಹಣಿಯ ಪುಸ್ತಕ ಸರ್ಕಾರದ್ದಾದರೂ ಅದರಲ್ಲಿ ಏನು ಬರೆದಿದೆಯೆಂದು ಯಾರು ಬೇಕಾದರೂ ಕೇಳಿ ನೋಡಬಹುದು. ಆ್ಯಪ್‌ನ ಪ್ರೊಫೈಲನ್ನು ನಿಮಿಷದಲ್ಲಿ ತಿದ್ದುತ್ತೇವೆ, ನಿಜ. ಆದರೆ ನಮ್ಮ ಓಡಾಟ, ಕೊಳ್ಳುವಿಕೆ, ಕ್ಲಿಕ್ಕುಗಳನ್ನು ನೋಡಿ ಕಂಪನಿ ತಾನೇ ಬರೆದುಕೊಂಡ ಪುಟಗಳಿಗೆ ನೋಟಿಸು ಬರುವುದಿಲ್ಲ.

ಇನ್ನೊಮ್ಮೆ ಯಾವುದಾದರೂ ಆ್ಯಪ್‌ನ ಸೆಟ್ಟಿಂಗ್ಸ್ ತೆರೆದಾಗ ಅದನ್ನು ಒಂದು ಹಳೆಯ ದಾಖಲೆಯಂತೆ ಓದಿ ನೋಡಿ. ಬದಲಿಸಲಾಗದ ಬಳಕೆದಾರ ಸಂಖ್ಯೆ ಸಿಟಿಎಸ್‌ಎಸ್‌ನ ಲೆಕ್ಕದ ಪುಟದಿಂದ ಬಂದದ್ದು. ಹೆಸರು, ಫೋನು, ತನ್ನ ಬಗ್ಗೆ ಎರಡು ಸಾಲು ಐದನೆಯ ಅಂಕಣದಿಂದಲೂ ಫಿಂಗರ್‌ನಿಂದಲೂ ಬಂದವು. ‘ನನ್ನ ಮಾಹಿತಿಯ ಪ್ರತಿ ಕೊಡಿ’, ‘ಖಾತೆ ಅಳಿಸಿ’ ಎಂಬ, ಸಾಮಾನ್ಯವಾಗಿ ಪುಟದ ತೀರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲುಗಳ ಹಿಂದೆ ಕಾನೂನು, ನ್ಯಾಯಾಲಯ, ಒಬ್ಬ ವಿದ್ಯಾರ್ಥಿಯ ಪತ್ರದಂಥವು ಇವೆ. ಮೇಲಿನ ಸಾಲುಗಳನ್ನು ನಾವು ಆಗಾಗ ತಿದ್ದುತ್ತಿರುತ್ತೇವೆ. ಕೆಳಗಿನವನ್ನು ಒಮ್ಮೆಯಾದರೂ ಒತ್ತಿ, ಬಂದ ಪ್ರತಿಯನ್ನು ಕುಳಿತು ಓದಬೇಕು. ಪುಸ್ತಕದಲ್ಲಿ ನಮ್ಮ ಹೆಸರಿನ ಕೆಳಗೆ ಏನು ಬರೆದಿದೆ ಎಂದು ತಿಳಿದ ಮೇಲೆ ತಾನೇ ಯಾವುದಕ್ಕೆ ತಕರಾರು ಹೇಳಬೇಕೆಂದು ಗೊತ್ತಾಗುವುದು.